ಸಮೀಕ್ಷೆಯ ಅಂಕಿ ಅಚ್ಚು ಹಾಕುವಾಗ ಅದರ ಜಾತಕವನ್ನೂ ಹಾಕಿ

ಮಾನ್ಯ ಸಂಪಾದಕರೇ,

ಚುನಾವಣೆ ಅಮೆರಿಕದ ಅಧ್ಯಕ್ಷರದ್ದಿರಲಿ, ನಮ್ಮ ವಿಧಾನಸಭೆಯದ್ದಿರಲಿ, ಸಮೀಕ್ಷೆಯ ಸುದ್ದಿ ಬರುವುದು ಒಂದೇ ಅಚ್ಚಿನಲ್ಲಿ: ‘ಇವರಿಗೆ ಶೇ 49, ಅವರಿಗೆ ಶೇ 47; ಇವರೇ ಮುಂದೆ’. ಎಷ್ಟು ಜನರನ್ನು ಕೇಳಿದರು, ಯಾವ ದಿನ ಕೇಳಿದರು, ಎಷ್ಟು ಮಂದಿ ಉತ್ತರ ಕೊಡದೆ ಬಾಗಿಲು ಹಾಕಿಕೊಂಡರು, ಖರ್ಚಿಗೆ ದುಡ್ಡು ಕೊಟ್ಟವರು ಯಾರು ಎಂಬ ಒಂದು ಸಾಲೂ ಇರುವುದಿಲ್ಲ. ಸಿಂಧನೂರು, ಗಂಗಾವತಿ ಕಡೆ ಹೋಟೆಲ್ ಕಟ್ಟೆಗಳಲ್ಲಿ ಇದೇ ಅಂಕಿ ನಂಬಿ ಬೈಕು, ಎಮ್ಮೆ ಪಣಕ್ಕಿಡುವವರಿದ್ದಾರೆ. ಸಮೀಕ್ಷೆ ಪ್ರಕಟಿಸುವಾಗ ನಡೆಸಿದವರು ಯಾರು, ಮಾಡಿಸಿದವರು ಯಾರು, ಮಾದರಿಯ ಗಾತ್ರ ಮತ್ತು ಸ್ವರೂಪವೇನು, ಜನರನ್ನು ಆರಿಸಿದ ಬಗೆ ಹೇಗೆ, ಏರುಪೇರಿನ ಮಿತಿ ಎಷ್ಟು ಎಂದು ತಿಳಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿ 1996ರಷ್ಟು ಹಿಂದೆಯೇ ಮಾರ್ಗಸೂಚಿ ಕೊಟ್ಟಿದೆ. ಪಾಲಿಸುವವರು ಕಡಿಮೆ. ಈ ವಿವರಗಳು ಯಾಕೆ ಬೇಕು, ಅವಿಲ್ಲದಿದ್ದರೆ ಎಲ್ಲಿ ಎಡವುತ್ತೇವೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಲು ಈ ಪತ್ರ. ಉದ್ದವಾಗಿದ್ದರೆ ಕತ್ತರಿಸಿ, ಆದರೆ ಲೆಕ್ಕಗಳನ್ನು ಮಾತ್ರ ಉಳಿಸಿಕೊಳ್ಳಿ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಕೋಟಿಗಟ್ಟಲೆ ಮತದಾರರಲ್ಲಿ ಬರೀ ಒಂದು ಸಾವಿರ ಜನರನ್ನು ಕೇಳಿದರೆ ಏನು ತಿಳಿದೀತು? ತಿಳಿಯುತ್ತದೆ. ರಾಯಚೂರು ಎಪಿಎಂಸಿಯಲ್ಲಿ ಚೀಲಕ್ಕೆ ಕೊಳವೆ ಚುಚ್ಚಿ ಹಿಡಿ ಕಾಳು ತೆಗೆದು ದರ ಕೂಗುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ರಾಶಿ ಹತ್ತು ಚೀಲದ್ದೋ ಸಾವಿರ ಚೀಲದ್ದೋ ಎಂಬುದು ಅಷ್ಟು ಮುಖ್ಯವಲ್ಲ. ಕೊಳವೆ ಎಲ್ಲೆಲ್ಲಿ ಚುಚ್ಚಿದಿರಿ ಎಂಬುದು ಮುಖ್ಯ. ಮೇಲಿನ ಸಾಲಿನ ಚೀಲಗಳ ಬಾಯಿಗೇ ಚುಚ್ಚುತ್ತಾ ಹೋದರೆ ತಳದಲ್ಲಿ ತೇವ ಹಿಡಿದ ಭತ್ತ ಕೈಗೆ ಸಿಗುವುದೇ ಇಲ್ಲ, ಐನೂರು ಸಲ ಚುಚ್ಚಿದರೂ ಅಷ್ಟೆ.

ಸರಿಯಾಗಿ, ಯಾರ ಇಷ್ಟಾನಿಷ್ಟವೂ ಸೇರದಂತೆ ಆರಿಸಿದ ಮಾದರಿಯಾದರೆ ಏರುಪೇರಿನ ಮಿತಿಯ ಲೆಕ್ಕ ಸರಳ: 98ನ್ನು ಮಾದರಿಯ ಗಾತ್ರದ ವರ್ಗಮೂಲದಿಂದ ಭಾಗಿಸಿ. 400 ಜನರಾದರೆ ವರ್ಗಮೂಲ 20, ಮಿತಿ ಹೆಚ್ಚುಕಡಿಮೆ ಶೇ 4.9. 1,000 ಜನರಾದರೆ ಶೇ 3.1. 1,600 ಜನರಾದರೆ ಶೇ 2.45. ತಪ್ಪನ್ನು ಅರ್ಧಕ್ಕೆ ಇಳಿಸಲು ಖರ್ಚು ನಾಲ್ಕು ಪಟ್ಟು ಏರುತ್ತದೆ. ಅದಕ್ಕೇ ಹೆಚ್ಚಿನವರು ಸಾವಿರ, ಸಾವಿರದೈನೂರಕ್ಕೆ ನಿಲ್ಲಿಸುವುದು. ನೂರು ಸಲ ಹೀಗೆ ಮಾದರಿ ತೆಗೆದರೆ ಸುಮಾರು 95 ಸಲ ನಿಜವಾದ ಅಂಕಿ ಈ ಮಿತಿಯೊಳಗೆ ಇರುತ್ತದೆ ಎಂಬುದಷ್ಟೇ ಇದರ ಅರ್ಥ. ಉಳಿದ ಐದು ಸಲ ಯಾರ ತಪ್ಪೂ ಇಲ್ಲದೆಯೇ ಅಂಕಿ ಆಚೆ ಬೀಳುತ್ತದೆ.

ಇಲ್ಲೇ ಉಪಸಂಪಾದಕರು ದಿನವೂ ಮಾಡುವ ತಪ್ಪೊಂದಿದೆ. ಶೇ 3.1ರ ಮಿತಿ ಒಬ್ಬ ಅಭ್ಯರ್ಥಿಯ ಅಂಕಿಗೆ ಸೇರಿದ್ದು. ಇಬ್ಬರ ನಡುವಿನ ಅಂತರಕ್ಕೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಯಾಕೆಂದರೆ ಒಬ್ಬರಿಂದ ಜಾರಿದ ಮತ ಬಹುತೇಕ ಇನ್ನೊಬ್ಬರಿಗೇ ಸೇರುತ್ತದೆ. 49–47 ಎಂದರೆ ಅಂತರ 2. ಅದರ ಏರುಪೇರು 6. ಹಾಗಿರುವಾಗ ‘ಇವರೇ ಮುಂದೆ’ ಎಂದು ಬರೆಯಲು ಆಧಾರವಿಲ್ಲ. ಕಳೆದ ವಾರ 48 ಇದ್ದದ್ದು ಈ ವಾರ 49 ಆಯಿತೆಂದು ‘ಅಲೆ ತಿರುಗಿತು’ ಎಂದು ಬರೆಯುವುದಂತೂ ತಕ್ಕಡಿಯ ಮುಳ್ಳು ಗಾಳಿಗೆ ಅಲುಗಿದ್ದಕ್ಕೆ ಬೆಲೆ ಕಟ್ಟಿದಂತೆ.

ಆದರೆ ಗಾತ್ರದಿಂದ ಆಗುವ ತಪ್ಪು ಚಿಕ್ಕದು. ದೊಡ್ಡ ತಪ್ಪುಗಳೆಲ್ಲ ಆಗಿರುವುದು ಆಯ್ಕೆಯಿಂದ. 1936ರ ಅಧ್ಯಕ್ಷ ಚುನಾವಣೆಗೆ ಮುಂಚೆ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಅಣಕು ಮತಪತ್ರ ಕಳಿಸಿತು. 23 ಲಕ್ಷದಷ್ಟು ವಾಪಸ್ ಬಂದವು. ಬಹಳ ದೊಡ್ಡ ಮಾದರಿ ಅದು. ಎಣಿಸಿ ನೋಡಿ, ಎದುರಾಳಿ ಲ್ಯಾಂಡನ್ ಶೇ 57ರೊಂದಿಗೆ ಆಗಿನ ಅಧ್ಯಕ್ಷ ರೂಸ್‌ವೆಲ್ಟ್‌ರನ್ನು ಸೋಲಿಸುತ್ತಾರೆ ಎಂದು ಸಾರಿತು. ಫಲಿತಾಂಶ ಬಂದಾಗ ರೂಸ್‌ವೆಲ್ಟ್ ಶೇ 61ರಷ್ಟು ಮತ ಪಡೆದು 48 ರಾಜ್ಯಗಳಲ್ಲಿ 46ನ್ನು ಗೆದ್ದಿದ್ದರು. ಹೆಸರುಗಳನ್ನು ಆರಿಸಿದ್ದು ಟೆಲಿಫೋನ್ ಪುಸ್ತಕ, ಕಾರು ನೋಂದಣಿ ಪಟ್ಟಿ ಮುಂತಾದವುಗಳಿಂದ. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಅವು ಉಳ್ಳವರ ಪಟ್ಟಿಗಳು. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಕಳಿಸಿದ ನಾಲ್ಕರಲ್ಲಿ ಮೂರು ವಾಪಸ್ಸೇ ಬರಲಿಲ್ಲ, ಮತ್ತು ಸರ್ಕಾರದ ಮೇಲೆ ಸಿಟ್ಟಿದ್ದವರೇ ಶ್ರದ್ಧೆಯಿಂದ ಅಂಚೆ ಡಬ್ಬಕ್ಕೆ ಹಾಕಿದರು. ಅದೇ ವರ್ಷ ಸಮೀಕ್ಷಕ ಜಾರ್ಜ್ ಗ್ಯಾಲಪ್ ಸುಮಾರು 50 ಸಾವಿರ ಜನರ ಮಾದರಿಯಿಂದ ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದು ಸರಿಯಾಗಿ ಹೇಳಿದರು. ಡೈಜೆಸ್ಟ್ 1938ರಲ್ಲಿ ಮುಚ್ಚಿತು.

ಇಂದಿನ ಪತ್ರಿಕೆಗಳ ಜಾಲತಾಣಗಳಲ್ಲಿ ‘ನಿಮ್ಮ ಆಯ್ಕೆ ಯಾರು? ಕ್ಲಿಕ್ ಮಾಡಿ’ ಎಂದು ಕೇಳುವುದು ಆ ಡೈಜೆಸ್ಟ್ ಲೆಕ್ಕವೇ, ಮತ್ತೇನಲ್ಲ. ಲಕ್ಷ ಕ್ಲಿಕ್ ಬಂದರೂ ಬಂದದ್ದು ಉತ್ಸಾಹಿಗಳದ್ದು. ಅದನ್ನು ‘ಸಮೀಕ್ಷೆ’ ಎಂದು ಕರೆಯದಿದ್ದರೆ ಉಪಕಾರ.

ಗೆದ್ದ ಗ್ಯಾಲಪ್ ಕೂಡ ಹನ್ನೆರಡು ವರ್ಷಕ್ಕೆ ಎಡವಿದರು. 1948ರ ಅಧ್ಯಕ್ಷ ಚುನಾವಣೆಯಲ್ಲಿ ಅವರ ಕೊನೆಯ ಅಂದಾಜು ಎದುರಾಳಿ ಡ್ಯೂಯಿಗೆ ಶೇ 49.5, ಆಗಿನ ಅಧ್ಯಕ್ಷ ಟ್ರೂಮನ್‌ಗೆ ಶೇ 44.5. ಮತ ಬಿದ್ದದ್ದು ಬಹುತೇಕ ತಿರುಗಾಮುರುಗಾ. ‘ಡ್ಯೂಯಿಗೆ ಜಯ, ಟ್ರೂಮನ್‌ಗೆ ಸೋಲು’ ಎಂದು ಮೊದಲೇ ಅಚ್ಚಾದ ಶಿಕಾಗೊ ಟ್ರಿಬ್ಯೂನ್ ಪತ್ರಿಕೆಯನ್ನು ಟ್ರೂಮನ್ ನಗುತ್ತಾ ಎತ್ತಿ ಹಿಡಿದ ಚಿತ್ರ ನಿಮ್ಮ ಕಚೇರಿಯಲ್ಲೂ ಯಾರಾದರೂ ನೋಡಿಯೇ ಇರುತ್ತಾರೆ. ಕಾರಣ ಎರಡು. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಂಥ ವಯಸ್ಸಿನವರು ಇಷ್ಟು ಎಂದು ಕೋಟಾ ಕೊಟ್ಟು, ಆ ಕೋಟಾದೊಳಗೆ ಯಾರನ್ನು ಕೇಳಬೇಕು ಎಂಬುದನ್ನು ಕೇಳುವವನ ಮರ್ಜಿಗೆ ಬಿಟ್ಟಿದ್ದರು. ಅವನು ಸುಲಭವಾಗಿ ಸಿಗುವ, ನಯವಾಗಿ ಮಾತಾಡುವ ಜನರ ಬಳಿಗೆ ಹೋದ. ಜತೆಗೆ, ಫಲಿತಾಂಶ ಖಚಿತ ಎಂದುಕೊಂಡು ಮತದಾನಕ್ಕೆ ಎಷ್ಟೋ ದಿನ ಮೊದಲೇ ಕೇಳುವುದನ್ನು ನಿಲ್ಲಿಸಿದರು.

ಮರ್ಜಿಗೆ ಬಿಡುವುದೆಂದರೇನು ಎಂದು ನಮ್ಮ ಊರುಗಳಲ್ಲೇ ನೋಡಬಹುದು. ಬೆಳಿಗ್ಗೆ ಹನ್ನೊಂದಕ್ಕೆ ಹಳ್ಳಿಗೆ ಬಂದ ಹುಡುಗನಿಗೆ ಸಿಗುವವರು ಅಗಸಿ ಕಟ್ಟೆಯ ಮೇಲಿನ ಹಿರಿಯರು, ಚಹಾದಂಗಡಿಯ ಗಂಡಸರು. ಹೊಲಕ್ಕೆ, ನರೇಗಾ ಕೆಲಸಕ್ಕೆ ಹೋದ ಹೆಂಗಸರು ಸಿಗುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವನು ಎದ್ದು ಬರುವುದಿಲ್ಲ. ಏಪ್ರಿಲ್‌–ಮೇ ಬಿಸಿಲಲ್ಲಿ, ರಾಯಚೂರಿನ ನಲವತ್ತು ಡಿಗ್ರಿಯಲ್ಲಿ, ರಸ್ತೆಗೆ ಹತ್ತಿರದ ಓಣಿ ಬಿಟ್ಟು ಊರ ಕೊನೆಯ ಕೇರಿಗೆ ಅಥವಾ ದೂರದ ತಾಂಡಾಕ್ಕೆ ಹೋಗುವ ಹುಮ್ಮಸ್ಸು ಯಾರಿಗಿರುತ್ತದೆ? ಹೀಗೆ 300 ಫಾರಂ ತುಂಬಿದರೆ ಅದು 300 ಮತದಾರರ ಅಭಿಪ್ರಾಯ ಆಗುವುದಿಲ್ಲ, ಮೂವತ್ತು ಕಟ್ಟೆಗಳ ಅಭಿಪ್ರಾಯ ಆಗುತ್ತದೆ.

ಸರಿಯಾದ ಕ್ರಮ ಬೇಸರ ತರಿಸುವಂಥದ್ದು, ಆದರೆ ಕಷ್ಟದ್ದಲ್ಲ. ಒಂದು ಕ್ಷೇತ್ರದ ಮತಗಟ್ಟೆಗಳನ್ನೆಲ್ಲ ಕ್ರಮಸಂಖ್ಯೆಯಲ್ಲಿ ಬರೆದು ಅವುಗಳಲ್ಲಿ 20ನ್ನು ಚೀಟಿ ಎತ್ತುವ ರೀತಿಯಲ್ಲಿ ಆರಿಸಬೇಕು. ದೊಡ್ಡ ಮತಗಟ್ಟೆಗೆ ಬರುವ ಅವಕಾಶ ಅದರ ಮತದಾರರ ಸಂಖ್ಯೆಗೆ ತಕ್ಕಂತೆ ಹೆಚ್ಚಿರಬೇಕು. ಪ್ರತಿ ಮತಗಟ್ಟೆಯ ಮತದಾರರ ಪಟ್ಟಿ ಕೈಯಲ್ಲಿ ಹಿಡಿದು ಹೆಸರು ಎತ್ತಬೇಕು. ಪಟ್ಟಿಯಲ್ಲಿ 1,050 ಹೆಸರಿದ್ದು 25 ಬೇಕಿದ್ದರೆ 1,050ನ್ನು 25ರಿಂದ ಭಾಗಿಸಿ: 42. ಒಂದರಿಂದ ನಲವತ್ತೆರಡರೊಳಗೆ ಒಂದು ಸಂಖ್ಯೆಯನ್ನು ಚೀಟಿಯಿಂದ ತೆಗೆಯಿರಿ, 17 ಬಂತೆನ್ನಿ. ಆಮೇಲೆ 17, 59, 101, 143 ಹೀಗೆ 1,025ರವರೆಗೆ. ಈ 25 ಜನರ ಮನೆ ಹುಡುಕಿಕೊಂಡು ಹೋಗಬೇಕು. ಮೊದಲ ಸಲ ಸಿಗದಿದ್ದರೆ ಸಂಜೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. 15 ಮಂದಿ ಸಿಕ್ಕರೆ ಕೆಲಸ ಚೆನ್ನಾಗಿ ಆಗಿದೆ. ಸಿಗದವರ ಬದಲು ಪಕ್ಕದ ಮನೆಯವರನ್ನು ಕೇಳಬಾರದು. ಯಾಕೆಂದರೆ ಮನೆಯಲ್ಲಿ ಇರುವವರೂ ಇಲ್ಲದವರೂ ಒಂದೇ ಥರದ ಜನ ಅಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಈ ‘ಇಲ್ಲದವರು’ ಎಂದರೆ ಹೆಚ್ಚಾಗಿ ಗುಳೆ ಹೋದವರು. ದೇವದುರ್ಗ, ಮಸ್ಕಿ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರು, ಹೈದರಾಬಾದ್, ಪುಣೆಗೆ ಹೋದ ಕುಟುಂಬಗಳ ಹೆಸರು ಪಟ್ಟಿಯಲ್ಲಿ ಇರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ. ಸಮೀಕ್ಷೆಯ ದಿನ ಅವರು ಸಿಗುವುದಿಲ್ಲ. ಮತದಾನದ ದಿನ ಯಾರಾದರೂ ವಾಹನ ಮಾಡಿ ಕರೆಸಿದರೆ ಬಂದು ಮತ ಹಾಕುತ್ತಾರೆ, ಕರೆಸದಿದ್ದರೆ ಇಲ್ಲ. ಇದೊಂದನ್ನು ಲೆಕ್ಕಕ್ಕೆ ಹಿಡಿಯದ ಸಮೀಕ್ಷೆ ಕಾಲುವೆ ಕೊನೆಯ ಭಾಗದ ಹಳ್ಳಿಗಳಲ್ಲಿ ಮುಗ್ಗರಿಸುವುದು ಖಂಡಿತ.

ಪ್ರಶ್ನೆ ಕೇಳುವ ರೀತಿಯಲ್ಲೂ ತೊಡಕುಗಳಿವೆ. ಸೊಸೆಯನ್ನು ಕೇಳಿದರೆ ಮಾವ ಉತ್ತರ ಹೇಳುತ್ತಾನೆ. ಸುತ್ತ ನಾಲ್ಕು ಜನ ನಿಂತಿದ್ದರೆ ಬಾಯಲ್ಲಿ ಬರುವುದು ಊರಿನ ದೊಡ್ಡವರ ಪಕ್ಷ. ಅದಕ್ಕೆ ಮದ್ದು: ಚಿಹ್ನೆಗಳಿರುವ ಅಣಕು ಮತಪತ್ರ ಕೊಟ್ಟು, ಗುರುತು ಹಾಕಿ ಮಡಚಿ ಡಬ್ಬಿಗೆ ಹಾಕಲು ಹೇಳುವುದು. ಬಳ್ಳಾರಿ ನಗರದಲ್ಲಿ ತೆಲುಗು, ಉರ್ದು ಬರುವವರು ಬೇಕು. ತಾಂಡಾಗಳಿಗೆ ಲಂಬಾಣಿ ಬರುವವರು ಬೇಕು. ಮಹಿಳೆಯರನ್ನು ಕೇಳಲು ಮಹಿಳೆಯರೇ ಇದ್ದರೆ ಒಳ್ಳೆಯದು. ಇನ್ನು, ಫಾರಂಗೆ ಇಷ್ಟು ಎಂದು ಕೂಲಿ ಗೊತ್ತು ಮಾಡಿದರೆ ಲಾಡ್ಜಿನಲ್ಲಿ ಕೂತೇ ತುಂಬುವವರಿರುತ್ತಾರೆ. ಹತ್ತರಲ್ಲಿ ಒಂದು ಫಾರಂ ಹಿಡಿದು ಆ ಮನೆಗೆ ಮತ್ತೆ ಹೋಗಿ ಅಥವಾ ಫೋನ್ ಮಾಡಿ ತಪಾಸಣೆ ಮಾಡದ ಸಮೀಕ್ಷೆಗೆ ಬೆಲೆ ಕೊಡಬೇಡಿ. ಒಂದೇ ಕೈಬರಹದ ಹದಿನೈದು ಫಾರಂ ಹತ್ತು ಹತ್ತು ನಿಮಿಷದ ಅಂತರದಲ್ಲಿ ಮುಗಿದಿದ್ದರೆ ಅದನ್ನು ಕಂಡುಹಿಡಿಯಲು ಸಂಖ್ಯಾಶಾಸ್ತ್ರ ಬೇಕಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ 20 ಮತಗಟ್ಟೆಗಳಲ್ಲಿ ಹದಿನೈದರಂತೆ ಕೇಳಿದ 300 ಜನ, ಬಿಡಿಬಿಡಿಯಾಗಿ ಆರಿಸಿದ 300 ಜನರಿಗೆ ಸಮ ಅಲ್ಲ. ಒಂದು ಮತಗಟ್ಟೆಯವರು ಒಂದೇ ಓಣಿಯವರು, ಬಹಳಷ್ಟು ಸಲ ಒಂದೇ ಜಾತಿಯವರು, ಒಂದೇ ಬಗೆಯಲ್ಲಿ ಯೋಚಿಸುವವರು. ಬಿಡಿ 300ಕ್ಕೆ ಮಿತಿ ಶೇ 5.7. ಗುಂಪಾಗಿ ತೆಗೆದದ್ದರಿಂದ ಅದು 150 ಜನರಷ್ಟೇ ಮಾಹಿತಿ ಕೊಟ್ಟರೆ ಮಿತಿ ಶೇ 8ಕ್ಕೆ ಏರುತ್ತದೆ. ಇನ್ನು, ರಾಜ್ಯಕ್ಕೆಲ್ಲ 5,600 ಜನರನ್ನು ಕೇಳಿ 224 ಕ್ಷೇತ್ರಗಳ ಗೆಲುವು ಹೇಳುವವರನ್ನು ನೋಡಿ: ಕ್ಷೇತ್ರಕ್ಕೆ ಬಂದದ್ದು 25 ಜನ, ಮಿತಿ ಹತ್ತಿರಹತ್ತಿರ ಶೇ 20. ಅಂಥ ಸಮೀಕ್ಷೆ ಹಿಡಿದು ‘ಬಳ್ಳಾರಿ ನಗರದಲ್ಲಿ ಯಾರು, ಮಾನ್ವಿಯಲ್ಲಿ ಯಾರು’ ಎಂದು ಪಟ್ಟಿ ಹಾಕುವುದಕ್ಕಿಂತ ಗಿಳಿಶಾಸ್ತ್ರ ಅಗ್ಗ.

ಇನ್ನು ತೂಕ ಹಾಕುವ ವಿಷಯ. ಮಾದರಿಯಲ್ಲಿ ಗಂಡಸರು 60, ಹೆಂಗಸರು 40 ಬಂದು, ಪಟ್ಟಿಯಲ್ಲಿ ಇಬ್ಬರೂ ಅರ್ಧರ್ಧ ಇದ್ದರೆ ಪ್ರತಿ ಹೆಂಗಸಿನ ಉತ್ತರವನ್ನು 50/40, ಅಂದರೆ 1.25 ಎಂದೂ ಗಂಡಸಿನದನ್ನು 50/60, ಅಂದರೆ 0.83 ಎಂದೂ ಎಣಿಸುತ್ತಾರೆ. ಕೇಳಿದರೆ ಕೈಚಳಕದಂತೆ ಕಾಣುತ್ತದೆ. ಆದರೆ ಇದು ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ 2016ರ ಚುನಾವಣೆ ಸಾಕ್ಷಿ. ಅಲ್ಲಿ ಪದವೀಧರರು ಸಮೀಕ್ಷೆಗೆ ಹೆಚ್ಚು ಉತ್ತರಿಸುತ್ತಾರೆ, ಆ ವರ್ಷ ಪದವೀಧರರು ಹಿಲರಿ ಕ್ಲಿಂಟನ್ ಕಡೆಗೂ ಪದವಿ ಇಲ್ಲದ ಬಿಳಿಯರು ಟ್ರಂಪ್ ಕಡೆಗೂ ಎದ್ದು ಕಾಣುವಂತೆ ಬೇರ್ಪಟ್ಟರು. ರಾಜ್ಯಮಟ್ಟದ ಹಲವು ಸಮೀಕ್ಷೆಗಳು ವಯಸ್ಸು, ಲಿಂಗ ನೋಡಿ ತೂಕ ಹಾಕಿದವೇ ಹೊರತು ಓದನ್ನು ನೋಡಲಿಲ್ಲ.

ಅದರ ಪೆಟ್ಟು ಎಷ್ಟೆಂದು ಒಂದು ಕಲ್ಪಿತ ಲೆಕ್ಕದಲ್ಲಿ ನೋಡೋಣ. ಪದವೀಧರರಲ್ಲಿ ‘ಅ’ ಅಭ್ಯರ್ಥಿಗೆ ಶೇ 55, ಉಳಿದವರಲ್ಲಿ ಶೇ 45. ಮಾದರಿಯಲ್ಲಿ ಎರಡೂ ಗುಂಪು ಅರ್ಧರ್ಧ ಬಂದಿದ್ದರೆ ‘ಅ’ಗೆ ಸರಿಯಾಗಿ ಶೇ 50, ಸಮಬಲ. ನಿಜದಲ್ಲಿ ಪದವೀಧರರು ಶೇ 35 ಮಾತ್ರ ಇದ್ದರೆ? 55ರ ಶೇ 35 ಎಂದರೆ 19.25, 45ರ ಶೇ 65 ಎಂದರೆ 29.25, ಒಟ್ಟು 48.5. ಎದುರಾಳಿಗೆ 51.5. ಸಮಬಲ ಎಂದದ್ದು ಮೂರು ಶೇಕಡಾ ಅಂಶಗಳ ಸೋಲಾಯಿತು. 2016ರಲ್ಲಿ ವಿಸ್ಕಾನ್ಸಿನ್, ಮಿಶಿಗನ್, ಪೆನ್ಸಿಲ್ವೇನಿಯಾ ಮೂರರಲ್ಲೂ ಟ್ರಂಪ್ ಗೆದ್ದ ಅಂತರ ಒಂದು ಅಂಶಕ್ಕಿಂತ ಕಡಿಮೆ. ಮೂರೂ ಸೇರಿ 78 ಸಾವಿರ ಮತವೂ ಇಲ್ಲ.

ತೂಕ ಹಾಕುವುದಕ್ಕೂ ಮಿತಿ ಇದೆ. ಸಿಕ್ಕ ಹೆಂಗಸು ಸಿಗದ ಹೆಂಗಸಿನಂತೆಯೇ ಯೋಚಿಸುತ್ತಾಳೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಅಮೆರಿಕದಲ್ಲಿ ಫೋನ್ ಎತ್ತಿ ಉತ್ತರಿಸುವವರೇ ಕಡಿಮೆಯಾಗಿದ್ದಾರೆ: ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ ಶೇ 36 ಜನ ಉತ್ತರಿಸುತ್ತಿದ್ದರು, 2018ರ ಹೊತ್ತಿಗೆ ಶೇ 6. ಉಳಿದ 94 ಜನ ಆರು ಜನರಂತೆಯೇ ಎಂದು ಯಾರು ಹೊಣೆ ಹೊರುತ್ತಾರೆ? 2020ರಲ್ಲಿ ಓದಿನ ತೂಕ ಹಾಕಿಯೂ ಸಮೀಕ್ಷೆಗಳು ಬೈಡನ್ ಮುನ್ನಡೆಯನ್ನು ದೊಡ್ಡದಾಗಿ ಕಂಡವು. ಗೆದ್ದದ್ದು ಬೈಡನ್ ಅವರೇ ಆದ್ದರಿಂದ ಆ ತಪ್ಪನ್ನು ಯಾರೂ ಅಷ್ಟಾಗಿ ಎತ್ತಿ ಆಡಲಿಲ್ಲ. ಗೆಲ್ಲುವವರನ್ನು ಸರಿಯಾಗಿ ಹೇಳಿದ ಸಮೀಕ್ಷೆ ಒಳ್ಳೆಯದು, ತಪ್ಪು ಹೇಳಿದ್ದು ಕೆಟ್ಟದ್ದು ಎಂದು ಅಳೆಯುವ ಈ ಚಾಳಿಯನ್ನೂ ಪತ್ರಿಕೆಗಳು ಬಿಡಬೇಕು.

ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಇನ್ನೊಂದು ಎಡವಟ್ಟಾಗುತ್ತದೆ. ಇಡೀ ದೇಶದ ಶೇಕಡಾವಾರು ಅಲ್ಲಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಆರಿಸುವುದು ರಾಜ್ಯಗಳಿಗೆ ಹಂಚಿದ ‘ಎಲೆಕ್ಟೋರಲ್’ ಮತಗಳು: ಒಟ್ಟು 538, ಗೆಲ್ಲಲು 270. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಎಲ್ಲ ಕಡೆ ಒಂದು ಮತ ಹೆಚ್ಚು ಪಡೆದವರಿಗೆ ಆ ರಾಜ್ಯದ ಅಷ್ಟೂ ಮತ. 2000ದಲ್ಲಿ ಅಲ್ ಗೋರ್ ದೇಶದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಮತದಿಂದ ಮುಂದಿದ್ದರು. ಫ್ಲಾರಿಡಾದ 537 ಮತಗಳಿಂದ ಬುಷ್ ಅಧ್ಯಕ್ಷರಾದರು. 2016ರಲ್ಲಿ ಕ್ಲಿಂಟನ್ ಶೇ 48.2, ಟ್ರಂಪ್ ಶೇ 46.1, ಅಧ್ಯಕ್ಷರಾದದ್ದು ಟ್ರಂಪ್. ವಿಚಿತ್ರ ಅನಿಸಿದರೆ ನಮ್ಮ ರಾಜ್ಯವನ್ನೇ ನೋಡಿ. 2018ರ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಶೇ 38, ಬಿಜೆಪಿಗೆ ಶೇ 36ರ ಆಸುಪಾಸು. ಸ್ಥಾನ ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ 80. 2023ರಲ್ಲೂ ಬಿಜೆಪಿ ಶೇ 36ರಲ್ಲೇ ಇತ್ತು. ಸ್ಥಾನ 66ಕ್ಕೆ ಇಳಿಯಿತು. ಜೆಡಿಎಸ್ ಕಳೆದುಕೊಂಡ ಐದು ಅಂಶ, ಕಾಂಗ್ರೆಸ್ ಗಳಿಸಿದ ಐದು ಅಂಶ ಎಲ್ಲೆಲ್ಲಿ ಬಿದ್ದವು ಎಂಬುದು ಆ ಲೆಕ್ಕ ತಿರುಗಿಸಿತು. ಹೀಗಾಗಿ ಮತ ಪ್ರಮಾಣ ಹೇಳುವುದು ಒಂದು ಕೆಲಸ, ಅದನ್ನು ಸ್ಥಾನಗಳಾಗಿ ಬದಲಿಸುವುದು ಇನ್ನೊಂದು ಕೆಲಸ, ಎರಡನೆಯದರಲ್ಲಿ ತಪ್ಪಿಗೆ ಜಾಗ ಹೆಚ್ಚು. 2024ರ ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳಲ್ಲಿ ಹೆಚ್ಚಿನವು ಎನ್‌ಡಿಎಗೆ 350ಕ್ಕಿಂತ ಹೆಚ್ಚು ಸ್ಥಾನ ಕೊಟ್ಟಿದ್ದವು. ಬಂದದ್ದು 293. ಪತ್ರಿಕೆ ಕೊಡಬೇಕಾದದ್ದು ಎರಡನ್ನೂ ಬೇರೆಬೇರೆಯಾಗಿ. ಬರೀ ಸ್ಥಾನದ ಅಂಕಿ ಕೊಟ್ಟರೆ ತಪ್ಪು ಎಲ್ಲಾಯಿತೆಂದು ಆಮೇಲೆ ಯಾರೂ ಹುಡುಕಲಾಗದು.

2024ರ ಅಮೆರಿಕ ಚುನಾವಣೆಯಲ್ಲಿ ಏಳು ರಾಜ್ಯಗಳ ಮೇಲೆ ಎಲ್ಲರ ಕಣ್ಣಿತ್ತು: ಪೆನ್ಸಿಲ್ವೇನಿಯಾ 19, ಜಾರ್ಜಿಯಾ 16, ನಾರ್ತ್ ಕ್ಯಾರೊಲಿನಾ 16, ಮಿಶಿಗನ್ 15, ಅರಿಜೋನಾ 11, ವಿಸ್ಕಾನ್ಸಿನ್ 10, ನೆವಾಡಾ 6, ಒಟ್ಟು 93 ಎಲೆಕ್ಟೋರಲ್ ಮತ. ಇವನ್ನು ಬಿಟ್ಟರೆ ಕಮಲಾ ಹ್ಯಾರಿಸ್ ಬಳಿ 226, ಟ್ರಂಪ್ ಬಳಿ 219. ಸಮೀಕ್ಷೆಗಳ ಪ್ರಕಾರ ಏಳೂ ಕಡೆ ಕೂದಲೆಳೆಯ ಸ್ಪರ್ಧೆ. ನಾಣ್ಯ ಚಿಮ್ಮಿದಂತೆ ಎಂದುಕೊಂಡರೆ ಏಳೂ ಒಬ್ಬರ ಕಡೆಗೇ ಬೀಳುವ ಸಾಧ್ಯತೆ 64ರಲ್ಲಿ ಒಂದು. ಬಿದ್ದವು, ಏಳೂ ಟ್ರಂಪ್ ಕಡೆಗೆ, 312–226. ಪವಾಡವೇನೂ ಅಲ್ಲ. ಏಳು ರಾಜ್ಯಗಳು ಏಳು ಬೇರೆ ನಾಣ್ಯಗಳಲ್ಲ. ಒಂದು ರಾಜ್ಯದ ಸಮೀಕ್ಷೆಗೆ ಸಿಗದ ಬಗೆಯ ಮತದಾರ ಪಕ್ಕದ ರಾಜ್ಯದಲ್ಲೂ ಸಿಗುವುದಿಲ್ಲ. ಮಸ್ಕಿಯಲ್ಲಿ ಗುಳೆ ಹೋದವರನ್ನು ಬಿಟ್ಟ ಸಮೀಕ್ಷೆ ಲಿಂಗಸುಗೂರಿನಲ್ಲೂ ಕುಷ್ಟಗಿಯಲ್ಲೂ ಬಿಟ್ಟಿರುತ್ತದೆ. ತಪ್ಪುಗಳು ಒಂದನ್ನೊಂದು ಹೊಡೆದು ಹಾಕುವ ಬದಲು ಒಂದರ ಮೇಲೊಂದು ಕೂರುತ್ತವೆ. ಹತ್ತು ಸಮೀಕ್ಷೆಗಳ ಸರಾಸರಿಗೂ ಇದೇ ಮಾತು. ಬಿಡಿ ಏರುಪೇರು ಸರಾಸರಿಯಲ್ಲಿ ಕರಗುತ್ತದೆ. ಹತ್ತೂ ತಕ್ಕಡಿ ಒಂದೇ ಕಡೆ ವಾಲಿದ್ದರೆ ಹತ್ತು ಸಲ ತೂಗಿದರೂ ಲಾಭವಿಲ್ಲ.

ಹಾಗಂತ ‘ಟ್ರಂಪ್‌ಗೆ ಎರಡು ಅಂಶ ಸೇರಿಸಿಕೊಂಡರಾಯಿತು’ ಎಂದು ಸೂತ್ರ ಮಾಡಿಕೊಳ್ಳುವಂತಿಲ್ಲ. 2012ರಲ್ಲಿ ವಾಲಿದ್ದು ಇನ್ನೊಂದು ಕಡೆಗೆ: ಗ್ಯಾಲಪ್ ಸಂಸ್ಥೆಯ ಕೊನೆಯ ಸಮೀಕ್ಷೆ ರಾಮ್ನಿ ಒಂದು ಅಂಶ ಮುಂದೆ ಎಂದಿತು, ಒಬಾಮ ನಾಲ್ಕರಷ್ಟು ಅಂಶಗಳಿಂದ ಗೆದ್ದರು. ಮುಂದಿನ ಸಲ ಯಾವ ಕಡೆ ವಾಲುತ್ತದೆ ಎಂದು ಮೊದಲೇ ತಿಳಿಯುವಂತಿದ್ದರೆ ಅದು ತಪ್ಪೇ ಆಗುತ್ತಿರಲಿಲ್ಲ.

ಇನ್ನೊಂದು ರೋಗ, ಹಿಂಡಿನಲ್ಲಿ ನುಸುಳುವುದು. ತನ್ನ ಅಂಕಿ ಉಳಿದವರಿಗಿಂತ ದೂರ ಬಂದರೆ ಭಯಬಿದ್ದು ತೂಕ ತಿದ್ದಿ ಸರಾಸರಿಯ ಹತ್ತಿರ ತರುವುದು, ಇಲ್ಲವೇ ಪ್ರಕಟಿಸದೆ ಮುಚ್ಚಿಡುವುದು. ಶೇ 3ರ ಮಿತಿ ಇರುವ ಇಪ್ಪತ್ತು ಸಮೀಕ್ಷೆಗಳೂ 49–48, 48–48, 48–49 ಎಂದೇ ಬಂದರೆ ಅನುಮಾನಪಡಿ. ನಿಜವಾದ ಮಾದರಿಗಳು ಅಷ್ಟು ಒಪ್ಪವಾಗಿ ಬರುವುದಿಲ್ಲ. 2024ರ ಕೊನೆಯಲ್ಲಿ ಅಯೋವಾ ರಾಜ್ಯದಲ್ಲಿ ಆ್ಯನ್ ಸೆಲ್ಜರ್ ಅವರ ಸಮೀಕ್ಷೆ ಹ್ಯಾರಿಸ್ ಮೂರು ಅಂಶ ಮುಂದೆ ಎಂದಿತು; ಟ್ರಂಪ್ ಹದಿಮೂರರಷ್ಟು ಅಂಶಗಳಿಂದ ಗೆದ್ದರು. ಭಾರಿ ತಪ್ಪು. ಆದರೂ ಬಂದ ಅಂಕಿಯನ್ನು ಬಂದ ಹಾಗೆ ಅಚ್ಚು ಹಾಕಿದ್ದಕ್ಕೆ ನಾವು ಅವರನ್ನು ಮೆಚ್ಚುತ್ತೇವೆ. ಎಲ್ಲರೂ ಹಾಗೆ ಮಾಡಿದರೆ ಮಾತ್ರ ಸರಾಸರಿಗೆ ಅರ್ಥ.

‘ಗೆಲ್ಲುವ ಸಾಧ್ಯತೆ ಶೇ 71’ ಎಂಬುದನ್ನು ‘ಶೇ 71 ಮತ’ ಎಂದು ಅನುವಾದಿಸುವ ತಪ್ಪಂತೂ ತೀರಾ ಸಾಮಾನ್ಯ. 2016ರ ಮತದಾನದ ಹಿಂದಿನ ಹೊತ್ತಿಗೆ ಫೈವ್‌ಥರ್ಟಿಏಟ್ ತಾಣ ಕ್ಲಿಂಟನ್‌ಗೆ ಸುಮಾರು ಶೇ 71, ಟ್ರಂಪ್‌ಗೆ ಶೇ 29 ಸಾಧ್ಯತೆ ಕೊಟ್ಟಿತ್ತು. ನ್ಯೂಯಾರ್ಕ್ ಟೈಮ್ಸ್ ಕ್ಲಿಂಟನ್‌ಗೆ ಶೇ 85. ದಾಳ ಎಸೆದರೆ ಒಂದೋ ಎರಡೋ ಬೀಳುವ ಸಾಧ್ಯತೆ ಶೇ 33. ಅದಕ್ಕಿಂತ ತುಸು ಕಡಿಮೆಯಾದ ಶೇ 29 ನಡೆದುಹೋದರೆ ಲೆಕ್ಕ ಸುಳ್ಳಾಯಿತೆಂದು ಹೇಳಲಾಗದು. ಶೇ 99 ಎಂದವರೂ ಇದ್ದರು. ರಾಜ್ಯಗಳ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಎಂಬುದನ್ನು ಕಡಿಮೆ ಅಂದಾಜು ಮಾಡಿದ್ದು ಅವರ ಸೋಲು.

ನಮ್ಮ ರಾಷ್ಟ್ರಪತಿ ಚುನಾವಣೆಗೆ ಬಂದರೆ, ಅಲ್ಲಿ ಸಮೀಕ್ಷೆಯೇ ಬೇಡ. ಕೂಡುವ ಲೆಕ್ಕ ಸಾಕು. ಮತ ಹಾಕುವವರು ಸಂಸತ್ತಿನ ಎರಡೂ ಸದನಗಳ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಮಾತ್ರ. ನಾಮಕರಣಗೊಂಡವರಿಗೂ ವಿಧಾನ ಪರಿಷತ್ತಿನವರಿಗೂ ಮತವಿಲ್ಲ. ಶಾಸಕರ ಮತದ ಮೌಲ್ಯವನ್ನು 1971ರ ಜನಗಣತಿಯಿಂದ ತೆಗೆಯುತ್ತಾರೆ: ಕರ್ನಾಟಕದ ಆಗಿನ ಜನಸಂಖ್ಯೆ 2,92,99,014ನ್ನು 224ರಿಂದ, ಮತ್ತೆ 1,000ದಿಂದ ಭಾಗಿಸಿದರೆ 130.8, ಅದನ್ನು 131 ಎಂದು ಹಿಡಿಯುತ್ತಾರೆ. ಉತ್ತರ ಪ್ರದೇಶದ ಶಾಸಕರ ಮೌಲ್ಯ 208, ಸಿಕ್ಕಿಂನದ್ದು 7. ಬಳ್ಳಾರಿಯ 5, ರಾಯಚೂರಿನ 7, ಕೊಪ್ಪಳದ 5, ಹೀಗೆ ನಮ್ಮ ಮೂರು ಜಿಲ್ಲೆಗಳ 17 ಶಾಸಕರ ಮತ ಸೇರಿ 2,227. ಸಂಸದರ ಮತದ ಮೌಲ್ಯ ಎಲ್ಲ ಶಾಸಕರ ಒಟ್ಟು ಮೌಲ್ಯದ ಮೇಲೆ ನಿಂತಿದೆ; 2022ರಲ್ಲಿ ಒಬ್ಬ ಸಂಸದರ ಮತಕ್ಕೆ 700 ಇತ್ತು. ಅದಕ್ಕೆ ಮೊದಲು 708, ಜಮ್ಮು-ಕಾಶ್ಮೀರದಲ್ಲಿ ಆಗ ವಿಧಾನಸಭೆ ಇಲ್ಲದ್ದರಿಂದ ಇಳಿಯಿತು. ಈಗ ಅಲ್ಲಿ ವಿಧಾನಸಭೆ ಇರುವುದರಿಂದ 2027ರ ಚುನಾವಣೆಗೆ ಹಳೆಯ 700ನ್ನೇ ಕಣ್ಣುಮುಚ್ಚಿ ಬಳಸಬೇಡಿ.

ಈ ಲೆಕ್ಕ ತಪ್ಪುವುದಿದ್ದರೆ ಮೂರು ಕಡೆ. ಮತದಾನ ಗುಪ್ತ, ಪಕ್ಷಗಳು ವಿಪ್ ಕೊಡುವಂತಿಲ್ಲ, ಹೀಗಾಗಿ ಅಡ್ಡಮತದಾನ ನಡೆಯುತ್ತದೆ. ಆಯೋಗ ಕೊಟ್ಟ ಪೆನ್ನಿನಲ್ಲೇ 1, 2 ಎಂದು ಪ್ರಾಶಸ್ತ್ಯ ಬರೆಯಬೇಕು. ಇಷ್ಟು ಸರಳವಾದರೂ 2022ರಲ್ಲಿ 53 ಮತ ಅಸಿಂಧುವಾದವು. ಹಾಕಿದವರು ಶಾಸನ ಮಾಡುವವರು ಎಂಬುದನ್ನು ನೆನಪಿಡಿ. ಮೂರನೆಯದು ಎರಡನೇ ಪ್ರಾಶಸ್ತ್ಯ. 1969ರಲ್ಲಿ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ 4,01,515, ನೀಲಂ ಸಂಜೀವ ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಗೆಲುವಿಗೆ ಬೇಕಾದಷ್ಟು ಯಾರಿಗೂ ಬರಲಿಲ್ಲ. ಉಳಿದವರ ಮತಗಳು ಅವುಗಳಲ್ಲಿ ಬರೆದ ಮುಂದಿನ ಪ್ರಾಶಸ್ತ್ಯದಂತೆ ಹಂಚಿಕೆಯಾದಾಗ ರೆಡ್ಡಿ ಸುಮಾರು 92 ಸಾವಿರ ಗಳಿಸಿದರು, ಗಿರಿ ಬರೀ 18 ಸಾವಿರ ಚಿಲ್ಲರೆ. ಆದರೂ 4,20,077ಕ್ಕೆ 4,05,427ರಂತೆ ಗಿರಿ ಗೆದ್ದರು. ಮೊದಲ ಎಣಿಕೆಯ 88 ಸಾವಿರ ಮುನ್ನಡೆ ಕೊನೆಗೆ ಹದಿನೈದು ಸಾವಿರಕ್ಕೂ ಕೆಳಗಿಳಿದಿತ್ತು. ಮೂರನೇ ಅಭ್ಯರ್ಥಿ ಗಟ್ಟಿಯಾಗಿದ್ದರೆ ಬರೀ ಪಕ್ಷಗಳ ಬಲಾಬಲ ಕೂಡಿ ಫಲಿತಾಂಶ ಹೇಳಬಾರದು ಎಂಬುದಕ್ಕೆ ಇದು ಸಾಕು.

ಕಾನೂನಿನ ಬಗ್ಗೆ ಒಂದು ಮಾತು. ಮತಗಟ್ಟೆ ಸಮೀಕ್ಷೆಯನ್ನು ಮತದಾನ ಶುರುವಾದಾಗಿನಿಂದ ಕೊನೆಯ ಹಂತ ಮುಗಿದು ಅರ್ಧ ಗಂಟೆಯವರೆಗೆ ಪ್ರಕಟಿಸುವಂತಿಲ್ಲ ಎಂದು ಜನತಾ ಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಹೇಳುತ್ತದೆ. ಎರಡು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ. ಮುದ್ರಿತ ಪತ್ರಿಕೆಗೂ ಇದು ಅನ್ವಯ. ಸ್ಥಳೀಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ‘ಬೂತ್‌ನಿಂದ ಬಂದ ಖಚಿತ ಮಾಹಿತಿ’ ಹಂಚುವವರು ಇದನ್ನೊಮ್ಮೆ ಓದಿಕೊಳ್ಳಲಿ.

ಹಾಗಾದರೆ ನಾವು ಕೇಳುವುದಿಷ್ಟು. ಸಮೀಕ್ಷೆಯ ಸುದ್ದಿಯ ಕೆಳಗೆ ಒಂದು ಕಾಲಂ ಅಗಲದ ಚಿಕ್ಕ ಚೌಕಟ್ಟು. ಅದರಲ್ಲಿ ಮಾಡಿದವರು, ಮಾಡಿಸಿದವರು, ಕೇಳಿದ ದಿನಾಂಕಗಳು, ಮನೆಗೆ ಹೋಗಿಯೋ ಫೋನಿನಲ್ಲೋ ಅಂತರ್ಜಾಲದಲ್ಲೋ, ಎಷ್ಟು ಜನ, ಎಷ್ಟು ಮತಗಟ್ಟೆ, ಎಷ್ಟು ಕ್ಷೇತ್ರ, ಸಂಪರ್ಕಿಸಿದವರಲ್ಲಿ ಉತ್ತರ ಕೊಟ್ಟವರು ಎಷ್ಟು, ಯಾವುದಕ್ಕೆಲ್ಲ ತೂಕ ಹಾಕಿದ್ದಾರೆ, ಮತ ಪ್ರಮಾಣ ಎಷ್ಟು, ಅದರಿಂದ ಸ್ಥಾನ ತೆಗೆದದ್ದು ಹೇಗೆ, ‘ಇನ್ನೂ ನಿರ್ಧರಿಸಿಲ್ಲ’ ಎಂದವರನ್ನು ಏನು ಮಾಡಿದರು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಅಂಥವರು ಶೇ 12 ಇದ್ದು, ಮುಂದಿರುವವರ ಅಂತರ ಶೇ 3 ಇದ್ದರೆ, ಆ ಹನ್ನೆರಡನ್ನು ಉಳಿದವರ ಪ್ರಮಾಣದಲ್ಲೇ ಹಂಚಿಬಿಟ್ಟು ‘ಶೇ 51’ ಎಂದು ತೋರಿಸುವುದು ಓದುಗರಿಗೆ ಮಾಡುವ ಮೋಸ. ಪ್ರಶ್ನೆಯನ್ನು ಕೇಳಿದ ಮಾತುಗಳಲ್ಲೇ ಅಚ್ಚು ಹಾಕಿದರೆ ಇನ್ನೂ ಒಳ್ಳೆಯದು. ಸಮೀಕ್ಷೆ ಕಳಿಸಿದವರಿಗೆ ಈ ಪ್ರಶ್ನೆಗಳನ್ನು ಕಳಿಸಿ. ಸಂಜೆ ಪುಟ ಕಟ್ಟುವ ಹೊತ್ತಿಗೆ ಉತ್ತರ ಬರದಿದ್ದರೆ ಆ ಜಾಗಕ್ಕೆ ತುಂಗಭದ್ರಾ ಜಲಾಶಯದ ನೀರಿನ ಮಟ್ಟ ಹಾಕಿ. ಅದನ್ನು ಅಳೆದೇ ಹೇಳಿರುತ್ತಾರೆ.

ಇಂತಿ,
ಸಂಖ್ಯಾಶಾಸ್ತ್ರ ಕಲಿಸುವ, ಕ್ಷೇತ್ರ ಸಮೀಕ್ಷೆಯ ಕೆಲಸ ಬಲ್ಲ ಕೆಲವರು
ರಾಯಚೂರು